ಮರ, ಬೆಟ್ಟ, ನಡುವೆ ಬೆರಳುದ್ದದ ದೇವರು: ಬರೋಕ್ ನಿಸರ್ಗ ಚಿತ್ರಗಳ ಪುರಾಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿತ್ರಗಳನ್ನು ಯಾರಿಗೆ ತೋರಿಸಿದರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅಂತ ಕೂತೆ. ಇಲ್ಲಿ ಬರುವುದು 17ನೇ ಶತಮಾನದ ಚಿತ್ರಗಳು. ಹೆಚ್ಚಿನವು ರೋಮ್‌ನಲ್ಲಿ ಹುಟ್ಟಿದವು. ಚಿತ್ರಕಾರರಾದ ಕ್ಲೋದ್ ಲೊರೇನ್ ಮತ್ತು ನಿಕೊಲಾ ಪುಸ್ಸಾಂ ಬಗ್ಗೆಯೇ ಜಾಸ್ತಿ ಮಾತಾಡಿದ್ದೇನೆ. ಅವರಿಬ್ಬರನ್ನು ನೋಡಲು ಕಲಿತರೆ ಉಳಿದವರು ತಾವಾಗಿಯೇ ಅರ್ಥವಾಗುತ್ತಾರೆ.

ಹೆಸರಲ್ಲಿ ದೇವರಿದ್ದಾನೆ, ಚಿತ್ರದಲ್ಲಿ ಬರೀ ಮರ ಇದೆ. ಕಥೆ ಎಲ್ಲಿ?

ಇದೆ, ಆದರೆ ಹುಡುಕಬೇಕು. ಬಹಳ ಸಲ ಕೆಳ ಅಂಚಿನ ಹತ್ತಿರ, ನೆರಳಲ್ಲಿ, ಬೆರಳುದ್ದದ ಜನ ನಿಂತಿರುತ್ತಾರೆ.

ಕ್ಲೋದ್ 1657ರಲ್ಲಿ ಬರೆದ ಅಕಿಸ್ ಮತ್ತು ಗಲಾಟಿಯಾ ಚಿತ್ರವನ್ನೇ ನೋಡಿ. ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಮೊದಲು ಕಾಣುವುದು ಸಮುದ್ರ, ಅದರ ಮೇಲೆ ಹರಡಿದ ಬೆಳಕು. ಆಮೇಲೆ ದಡದಲ್ಲಿ ಬಟ್ಟೆಯಿಂದ ಕಟ್ಟಿದ ಒಂದು ಮರೆ, ಅದರಡಿ ಇಬ್ಬರು ಪ್ರೇಮಿಗಳು. ಇಷ್ಟಕ್ಕೆ ಬಿಟ್ಟರೆ ಅದೊಂದು ಸುಂದರ ಸಮುದ್ರದ ಚಿತ್ರ, ಅಷ್ಟೆ. ಇನ್ನೂ ಸ್ವಲ್ಪ ಹೊತ್ತು ನೋಡಿದರೆ ಹಿಂದಿನ ಬೆಟ್ಟದಲ್ಲಿ ಇನ್ನೊಬ್ಬ ಇದ್ದಾನೆ. ಅವನೇ ಪಾಲಿಫೀಮಸ್, ಒಂಟಿಕಣ್ಣಿನ ದೈತ್ಯ. ಅವನಿಗೂ ಗಲಾಟಿಯಾ ಬೇಕು. ಕಥೆಯಲ್ಲಿ ಮುಂದೆ ಅವನು ಬಂಡೆಯೊಂದನ್ನು ಕಿತ್ತು ಎಸೆದು ಅಕಿಸ್‌ನನ್ನು ಕೊಲ್ಲುತ್ತಾನೆ. ಕ್ಲೋದ್ ಆ ಕೊಲೆಯನ್ನು ಬರೆಯಲಿಲ್ಲ, ಅದಕ್ಕೆ ಮುಂಚಿನ ನೆಮ್ಮದಿಯ ಹೊತ್ತನ್ನು ಬರೆದ. ಬೆಟ್ಟದ ಮೇಲಿನ ಆ ಚುಕ್ಕೆ ಕಂಡ ಮೇಲೆ ಸಮುದ್ರದ ಬೆಳಕು ಮೊದಲಿನ ಹಾಗೆ ಕಾಣುವುದಿಲ್ಲ. ಅದು ಉಳಿಯುವ ಬೆಳಕಲ್ಲ ಅಂತ ಗೊತ್ತಾಗಿಬಿಡುತ್ತದೆ. ಇದೇ ಚಿತ್ರದ ಮುಂದೆ ನಿಂತ ರಷ್ಯಾದ ಕಾದಂಬರಿಕಾರ ದೊಸ್ತೊಯೆವ್‌ಸ್ಕಿ ಅದನ್ನು ‘ಸುವರ್ಣ ಯುಗ’ ಅಂತ ಕರೆದು ತನ್ನ ಕಾದಂಬರಿಗಳಿಗೂ ತಂದ.

ನಾನು ಈ ಪುಟದಲ್ಲಿ ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಇದನ್ನೇ. ಆ ಚಿಕ್ಕ ಜನ ಚಿತ್ರಕ್ಕೆ ಅಂಟಿಸಿದ ಅಲಂಕಾರ ಅಲ್ಲ. ಹೊತ್ತು ಯಾವುದು, ಗಾಳಿ ಎಷ್ಟು, ಮೋಡ ಎಲ್ಲಿ ಅನ್ನುವುದೆಲ್ಲ ಅವರ ಕಥೆಯಿಂದಲೇ ತೀರ್ಮಾನವಾಗಿರುತ್ತದೆ.

ಮರ ಬೆಟ್ಟ ಬರೆಯುವುದಕ್ಕೆ ಪುರಾಣ ಯಾಕೆ ಬೇಕಿತ್ತು? ಸುಮ್ನೆ ನೆಪ ತಾನೆ?

ಈ ಮಾತು ಎಲ್ಲರ ಬಾಯಲ್ಲೂ ಇದೆ, ಅರ್ಧ ನಿಜವೂ ಹೌದು. ಆ ಕಾಲದಲ್ಲಿ ಚಿತ್ರಗಳಲ್ಲಿ ಮೇಲು ಕೀಳು ಅಂತ ಇತ್ತು. 1660ರ ದಶಕದಲ್ಲಿ ಪ್ಯಾರಿಸ್‌ನ ರಾಜ ಅಕಾಡೆಮಿಯ ಚರ್ಚೆಗಳನ್ನು ಬರೆದಿಟ್ಟ ಆಂದ್ರೆ ಫೆಲಿಬಿಯನ್ ಈ ಮೆಟ್ಟಿಲುಗಳನ್ನು ಸ್ಪಷ್ಟವಾಗಿಯೇ ಹೇಳಿದ. ಎಲ್ಲಕ್ಕಿಂತ ಮೇಲೆ ಪುರಾಣ, ಇತಿಹಾಸ, ಬೈಬಲ್ ಕಥೆಗಳ ಚಿತ್ರ. ಕೆಳಗೆ ವ್ಯಕ್ತಿಚಿತ್ರ, ಪ್ರಾಣಿಗಳು. ಇನ್ನೂ ಕೆಳಗೆ ನಿಸರ್ಗ, ಹಣ್ಣು, ಹೂವು. ಹಾಗಾಗಿ ಮರದ ಕೆಳಗೆ ಒಬ್ಬ ಅಪೊಲೊನನ್ನು ಕೂರಿಸಿದರೆ ಚಿತ್ರದ ದರ್ಜೆಯೂ ಏರುತ್ತಿತ್ತು, ಬೆಲೆಯೂ ಏರುತ್ತಿತ್ತು.

ಆದರೆ ಬರೀ ನೆಪವಾಗಿದ್ದರೆ ಯಾವ ಕಥೆಯಾದರೂ ಆಗುತ್ತಿತ್ತು, ಎಲ್ಲಿ ಬೇಕಾದರೂ ಇಡಬಹುದಿತ್ತು. ಹಾಗೆ ಆಗಿಲ್ಲ. ಬಿರುಗಾಳಿಯ ಚಿತ್ರಕ್ಕೆ ಬಿರುಗಾಳಿಯಂಥ ಕಥೆ ಆರಿಸಿದ್ದಾರೆ, ಸೂರ್ಯೋದಯಕ್ಕೆ ಸೂರ್ಯನನ್ನು ಹುಡುಕಿಕೊಂಡು ಹೋಗುವ ಕುರುಡನ ಕಥೆ ಆರಿಸಿದ್ದಾರೆ. ಇನ್ನೊಂದು ವಿಷಯ ಮರೆಯಬಾರದು. ಗ್ರೀಕ್ ರೋಮನ್ ಕಥೆಗಳಲ್ಲಿ ಪ್ರತಿ ಮರ, ಹೊಳೆ, ಹೂವಿನ ಹಿಂದೆ ಯಾರೋ ಇರುತ್ತಾರೆ. ಬೆನ್ನಟ್ಟಿದ ಅಪೊಲೊನಿಂದ ತಪ್ಪಿಸಿಕೊಳ್ಳಲು ಡಾಫ್ನಿ ಲಾರೆಲ್ ಮರವಾದಳು, ನಾರ್ಸಿಸಸ್ ಹೂವಾದ, ಸತ್ತ ಅಕಿಸ್‌ನ ರಕ್ತ ಹೊಳೆಯಾಗಿ ಹರಿಯಿತು. ಈ ಕಥೆಗಳನ್ನು ಓದಿಕೊಂಡ ಕಣ್ಣಿಗೆ ಖಾಲಿ ನಿಸರ್ಗ ಅನ್ನುವುದೇ ಇರಲಿಲ್ಲ.

ಬರೋಕ್ ಅಂದರೆ ಯಾವ ಕಾಲ? ಇದೆಲ್ಲ ಎಲ್ಲಿ ಶುರುವಾಯಿತು?

ಸರಿಸುಮಾರು 1600ರಿಂದ 1700ರ ತನಕ, ಕೆಲವು ಕಡೆ ಇನ್ನೂ ಮುಂದಕ್ಕೆ. ರೋಮ್‌ನಲ್ಲಿ ಅನ್ನಿಬಾಲೆ ಕರಾಚ್ಚಿ ಸುಮಾರು 1604ರಲ್ಲಿ ‘ಈಜಿಪ್ಟಿಗೆ ಪಲಾಯನ’ದ ದೃಶ್ಯವನ್ನು ಒಂದು ವಿಶಾಲ ಹೊಳೆಬಯಲಿನ ನಡುವೆ ಇಟ್ಟು ಬರೆದ. ಕಥೆ ಬೈಬಲಿನದು, ಆದರೆ ಮುಂದಿನವರಿಗೆಲ್ಲ ದಾರಿ ತೋರಿಸಿದ್ದು ಅದೇ. ಅವನ ಶಿಷ್ಯ ಡೊಮೆನಿಕಿನೊ ಹರ್ಕ್ಯುಲಿಸ್ ಕಥೆಗಳನ್ನು ಅದೇ ರೀತಿ ಬಯಲಿಗೆ ತಂದ. ಜೊತೆಗೆ ಉತ್ತರದಿಂದ ರೋಮ್‌ಗೆ ಬಂದು ನೆಲೆಸಿದವರಿದ್ದರು. ಆಂಟ್‌ವರ್ಪ್‌ನ ಪೌಲ್ ಬ್ರಿಲ್, ಫ್ರಾಂಕ್‌ಫರ್ಟ್‌ನ ಆಡಂ ಎಲ್ಸ್‌ಹೈಮರ್. ಎಲ್ಸ್‌ಹೈಮರ್ ತಾಮ್ರದ ತಗಡಿನ ಮೇಲೆ ಅಂಗೈಯಗಲದ ಚಿತ್ರಗಳನ್ನು ಬರೆದು 1610ರಲ್ಲೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ತೀರಿಕೊಂಡ.

ಕಥೆಗಳೆಲ್ಲ ಯಾವ ಪುಸ್ತಕದಿಂದ ಬಂದವು?

ಮುಖ್ಯವಾಗಿ ಎರಡು, ಎರಡೂ ಲ್ಯಾಟಿನ್ ಕಾವ್ಯಗಳು. ಓವಿಡ್‌ನ ‘ಮೆಟಮಾರ್ಫಸೀಸ್’, ಅಂದರೆ ರೂಪ ಬದಲಾದವರ ಕಥೆಗಳು. ವರ್ಜಿಲ್‌ನ ‘ಈನಿಯಡ್’, ಅಂದರೆ ಸುಟ್ಟುಹೋದ ಟ್ರಾಯ್ ಬಿಟ್ಟು ಹೊರಟ ಈನಿಯಸ್ ಇಟಲಿಗೆ ಬಂದು ಸೇರಿದ ಕಥೆ. ಪ್ರೇಮದೇವ ಕ್ಯುಪಿಡ್ ಮತ್ತು ಅವನ ಪ್ರೇಯಸಿ ಸೈಕಿಯ ಕಥೆ ಮಾತ್ರ ಇನ್ನೊಬ್ಬ ಲ್ಯಾಟಿನ್ ಲೇಖಕ ಅಪುಲಿಯಸ್‌ನದು. ಕ್ಲೋದ್ ವಯಸ್ಸಾದ ಹಾಗೆ ವರ್ಜಿಲ್ ಕಡೆ ವಾಲಿದ. ಕೊನೆಯ ಹತ್ತು ವರ್ಷಗಳಲ್ಲಿ ಈನಿಯಸ್ ಅವನನ್ನು ಬಿಡಲೇ ಇಲ್ಲ.

ಒಂದೇ ದೇವರಿಗೆ ಎರಡು ಹೆಸರು ಯಾಕೆ?

ಒಂದು ಗ್ರೀಕ್, ಒಂದು ರೋಮನ್. ಜ್ಯೂಸ್ ಅಂದರೂ ಜುಪಿಟರ್ ಅಂದರೂ ಒಬ್ಬನೇ. ಹರ್ಮಿಸ್ ಮರ್ಕ್ಯುರಿ, ಆರ್ಟೆಮಿಸ್ ಡಯಾನಾ, ಅಫ್ರೊಡೈಟಿ ವೀನಸ್. ಈ ಚಿತ್ರಕಾರರು ಓದಿದ್ದು ಲ್ಯಾಟಿನ್ ಪುಸ್ತಕಗಳು ಮತ್ತು ಅವುಗಳ ಅನುವಾದಗಳು, ಹಾಗಾಗಿ ರೋಮನ್ ಹೆಸರೇ ಜಾಸ್ತಿ ಸಿಗುತ್ತದೆ. ಗುರುತು ಹಿಡಿಯುವುದಕ್ಕೆ ಕೈಯಲ್ಲಿರುವ ವಸ್ತು ನೋಡಿ. ಟೋಪಿಗೆ ರೆಕ್ಕೆ ಇದ್ದರೆ ಮರ್ಕ್ಯುರಿ. ತಲೆಯ ಮೇಲೆ ಚಂದ್ರನ ಕೊಂಬು ಇದ್ದರೆ ಡಯಾನಾ. ತಂತಿವಾದ್ಯ ಹಿಡಿದವನು ಅಪೊಲೊ ಅಥವಾ ಆರ್ಫಿಯಸ್. ಅವನ ಪಕ್ಕ ಹಾವಿಗೆ ಬೆಚ್ಚಿದ ಹೆಂಗಸೊಬ್ಬಳಿದ್ದರೆ ಖಂಡಿತ ಆರ್ಫಿಯಸ್.

ಕ್ಲೋದ್ ಲೊರೇನ್ ಯಾರು? ಅವನ ಹೆಚ್ಚುಗಾರಿಕೆ ಏನು?

ನಿಜವಾದ ಹೆಸರು ಕ್ಲೋದ್ ಜೆಲ್ಲೇ. ಲೊರೇನ್ ಅನ್ನುವುದು ಅವನ ಊರಿನ ಸೀಮೆ, ಆಗ ಅದು ಫ್ರಾನ್ಸಿಗೆ ಸೇರದ ಬೇರೆಯೇ ರಾಜ್ಯ. ಹುಟ್ಟಿದ್ದು 1600ರ ಆಸುಪಾಸು, ಶಾಮಾಞ್ ಅನ್ನುವ ಹಳ್ಳಿಯಲ್ಲಿ. ಅವನನ್ನು ಕಂಡು ಬಲ್ಲ ಜರ್ಮನ್ ಚಿತ್ರಕಾರ ಸಾಂಡ್ರಾರ್ಟ್ ಬರೆದ ಪ್ರಕಾರ ಅವನು ಕಲಿತಿದ್ದು ಪೇಸ್ಟ್ರಿ ಮಾಡುವ ಕೆಲಸ. ಹುಡುಗನಾಗಿದ್ದಾಗಲೇ ಇಟಲಿಗೆ ಬಂದ, ಅಗೊಸ್ತಿನೊ ತಾಸ್ಸಿ ಅನ್ನುವ ಚಿತ್ರಕಾರನ ಕೈಕೆಳಗೆ ದುಡಿದ, 1682ರಲ್ಲಿ ರೋಮ್‌ನಲ್ಲೇ ತೀರಿಕೊಂಡ.

ಅವನ ಹೆಚ್ಚುಗಾರಿಕೆ ಒಂದೇ ಮಾತಲ್ಲಿ ಹೇಳಬೇಕೆಂದರೆ ಸೂರ್ಯ. ಬಂದರಿನ ಚಿತ್ರಗಳಲ್ಲಿ ಸೂರ್ಯನನ್ನು ನೇರವಾಗಿ ನಮ್ಮ ಎದುರಿಗೇ ಇಟ್ಟುಬಿಡುತ್ತಾನೆ, ಸಮುದ್ರದ ಗೆರೆಗಿಂತ ಸ್ವಲ್ಪವೇ ಮೇಲೆ. ಅಲ್ಲಿಂದ ನೀರಿನ ಮೇಲೆ ಒಂದು ಬೆಳಕಿನ ದಾರಿ ನಮ್ಮ ಕಾಲಬುಡದ ತನಕ ಬರುತ್ತದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರುವ 1644ರ ಚಿತ್ರದಲ್ಲಿ ಯುಲಿಸಿಸ್ ಕ್ರೈಸಿಸ್ ಎಂಬ ಹುಡುಗಿಯನ್ನು ಅವಳ ತಂದೆಗೆ ಒಪ್ಪಿಸಲು ಹಡಗಿನಲ್ಲಿ ಬಂದಿದ್ದಾನೆ. ಹೋಮರ್‌ನ ಕಥೆ. ಹುಡುಗಿ ಎಲ್ಲಿ ಅಂತ ಹುಡುಕುವುದಕ್ಕೆ ಬಹಳ ಹೊತ್ತು ಬೇಕು. ಆದರೆ ಹಡಗು ಬೆಳಕಿಗೆ ಸರಿಯಾಗಿ ಅಡ್ಡ ನಿಂತಿದೆ, ಅದರ ಸುತ್ತಲೂ ಗಾಳಿಯೇ ಹೊಳೆಯುತ್ತಿದೆ. ಮನೆಗೆ ಮರಳಿ ಬಂದ ಸಮಾಧಾನ ಇರುವುದು ಆ ಹೊಳಪಿನಲ್ಲಿ.

ಇನ್ನೊಂದು ಅವನ ಪುಸ್ತಕ. 1630ರ ದಶಕದ ಮಧ್ಯದಿಂದ ಅವನು ಮುಗಿಸಿದ ಚಿತ್ರಗಳ ನಕಲನ್ನು ಶಾಯಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದ. ಹಿಂಬದಿಯಲ್ಲಿ ಯಾರಿಗಾಗಿ ಬರೆದದ್ದು ಅನ್ನುವ ಟಿಪ್ಪಣಿ. ಕಾರಣ ಕಳ್ಳ ನಕಲು. ಅವನ ಶೈಲಿಯಲ್ಲಿ ಬೇರೆಯವರು ಬರೆದು ಅವನ ಹೆಸರಲ್ಲಿ ಮಾರುತ್ತಿದ್ದರು. ಸುಮಾರು 200 ಚಿತ್ರಗಳಿರುವ ಆ ಪುಸ್ತಕಕ್ಕೆ ‘ಲಿಬರ್ ವೆರಿಟಾಟಿಸ್’, ಸತ್ಯದ ಪುಸ್ತಕ, ಅನ್ನುವ ಹೆಸರು ಉಳಿಯಿತು. 1957ರಿಂದ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನೀಲಿ ಕಾಗದ, ಬಿಳಿ ಕಾಗದ ಬದಲಾಗುತ್ತಾ ಬರುತ್ತವೆ. ನೀಲಿ ಹಾಳೆಗಳ ಮೇಲಿನವು ನನಗೆ ತುಂಬಾ ಇಷ್ಟ. ಕಂದು ಶಾಯಿ, ಸ್ವಲ್ಪ ಬಿಳಿ, ಅಷ್ಟರಲ್ಲೇ ಮುಸ್ಸಂಜೆ ಬಂದುಬಿಡುತ್ತದೆ.

ಕ್ಲೋದನ ಜನರು ಯಾಕೆ ಅಷ್ಟು ಉದ್ದ, ಅಷ್ಟು ತೆಳ್ಳಗೆ? ಅವನಿಗೆ ಮನುಷ್ಯರನ್ನು ಬರೆಯೋದು ಬರ್ತಿರಲಿಲ್ವಾ?

ಅವನೇ ಹೇಳಿಕೊಳ್ಳುತ್ತಿದ್ದನಂತೆ, ನಾನು ದುಡ್ಡು ತಗೊಳ್ಳುವುದು ನಿಸರ್ಗಕ್ಕೆ, ಜನರನ್ನು ಪುಕ್ಕಟೆ ಕೊಡುತ್ತೇನೆ ಅಂತ. ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅಂಗರಚನೆಯಲ್ಲಿ ಅವನು ಪುಸ್ಸಾಂಗೆ ಸಮ ಅಲ್ಲ, ಒಪ್ಪುತ್ತೇನೆ. ಆದರೆ ಅವನ ಕೊನೆಯ ಚಿತ್ರಗಳ ಆ ಉದ್ದುದ್ದ ಜನರನ್ನು ತೆಗೆದು ಸರಿಯಾದ ಅಳತೆಯವರನ್ನು ಇಟ್ಟು ಊಹಿಸಿ ನೋಡಿ. ಮರಗಳು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಕಂಬಗಳು ಆಕಾಶಕ್ಕೆ ತಾಗುವುದಿಲ್ಲ. ಜನರೂ ಕನಸಿನವರೇ ಆಗಬೇಕು ಅಲ್ಲಿ. ನನಗಂತೂ ಅದು ತಪ್ಪು ಅನ್ನಿಸುವುದಿಲ್ಲ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1664ರ ಸೈಕಿಯ ಚಿತ್ರದಲ್ಲಿ ಇರುವುದು ಒಬ್ಬಳೇ ಹೆಂಗಸು. ಕ್ಯುಪಿಡ್‌ನ ಅರಮನೆಯ ಹೊರಗೆ ನೆಲದ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾಳೆ. ಅವಳು ಈಗ ತಾನೆ ಬಂದು ಇಳಿದಿದ್ದಾಳಾ, ಅಥವಾ ಎಲ್ಲ ಕಳಕೊಂಡು ಹೊರಗೆ ಕೂತಿದ್ದಾಳಾ? ಎರಡು ರೀತಿಯಲ್ಲೂ ಓದಿದವರಿದ್ದಾರೆ. ಆ ಅರಮನೆಯ ನೆರಳು, ಹಿಂದಿನ ಸಮುದ್ರದ ತಣ್ಣನೆಯ ನೀಲಿ ನೋಡಿದರೆ ನನಗೆ ಕಳಕೊಂಡವಳೇ ಕಾಣುತ್ತಾಳೆ.

ಪುಸ್ಸಾಂ ಹೇಗೆ ಬೇರೆ?

ಕ್ಲೋದ್ ಬೆಳಕಿನಲ್ಲಿ ಯೋಚಿಸುತ್ತಾನೆ, ಪುಸ್ಸಾಂ ಘಟನೆಯಲ್ಲಿ ಯೋಚಿಸುತ್ತಾನೆ. ಅವನು ನಾರ್ಮಂಡಿಯ ಲೆಜಾಂದ್‌ಲಿ ಹತ್ತಿರ 1594ರಲ್ಲಿ ಹುಟ್ಟಿದವನು. 1624ರಲ್ಲಿ ರೋಮ್‌ಗೆ ಬಂದ. ರಾಜ ಕರೆಸಿಕೊಂಡ ಅಂತ 1640ರಿಂದ 1642ರ ತನಕ ಪ್ಯಾರಿಸ್‌ಗೆ ಹೋಗಿದ್ದು ಬಿಟ್ಟರೆ 1665ರಲ್ಲಿ ಸಾಯುವವರೆಗೂ ರೋಮ್‌ನಲ್ಲೇ ಇದ್ದ. ಕ್ಲೋದ್ ಕೂಡ ಅಲ್ಲಿ ಅದೇ ಭಾಗದಲ್ಲಿದ್ದ, ಈಗ ಸ್ಪ್ಯಾನಿಷ್ ಮೆಟ್ಟಿಲುಗಳಿರುವ ಜಾಗದ ಸುತ್ತಿನ ಬೀದಿಗಳಲ್ಲೇ ಇಬ್ಬರ ವಾಸ. ಪುಸ್ಸಾಂ ಮೇಣದ ಚಿಕ್ಕ ಬೊಂಬೆಗಳನ್ನು ಮಾಡಿ, ಪೆಟ್ಟಿಗೆಯಂಥ ಒಂದು ಪುಟ್ಟ ರಂಗದಲ್ಲಿ ನಿಲ್ಲಿಸಿ, ಬೆಳಕು ಎಲ್ಲಿಂದ ಬೀಳಬೇಕು ಅಂತ ನೋಡಿ ಆಮೇಲೆ ಬರೆಯುತ್ತಿದ್ದ.

ಲೂವ್ರ್‌ನಲ್ಲಿ ಸುಮಾರು 1650ರ ಆರ್ಫಿಯಸ್ ಮತ್ತು ಯೂರಿಡಿಸಿ ಚಿತ್ರ ಇದೆ. ಬಲಗಡೆ ಆರ್ಫಿಯಸ್ ಕೂತು ನುಡಿಸುತ್ತಿದ್ದಾನೆ, ಪಕ್ಕದಲ್ಲಿ ಕೇಳುವವರು. ಅವನ ಮದುವೆಯ ದಿನ ಅದು. ಅವನಿಂದ ಸ್ವಲ್ಪವೇ ದೂರದಲ್ಲಿ ಮದುಮಗಳು ಯೂರಿಡಿಸಿ ಹಾವು ಕಂಡು ಬೆಚ್ಚಿ ಹಿಂದಕ್ಕೆ ವಾಲಿದ್ದಾಳೆ, ಹೂವಿನ ಬುಟ್ಟಿ ಬಿದ್ದಿದೆ. ಅವಳ ಕೂಗಿಗೆ ತಿರುಗಿದವನು ಒಬ್ಬನೇ, ನಡುವೆ ಮೀನು ಹಿಡಿಯುತ್ತಾ ಕೂತಿದ್ದವನು. ಆರ್ಫಿಯಸ್‌ಗೆ ಗೊತ್ತೇ ಆಗಿಲ್ಲ. ಅವನು ತನ್ನ ಹಾಡಿನಲ್ಲಿದ್ದಾನೆ. ಹಿಂದೆ ಹೊಳೆಯಲ್ಲಿ ಜನ ಈಜುತ್ತಿದ್ದಾರೆ, ದೋಣಿ ಎಳೆಯುತ್ತಿದ್ದಾರೆ. ಅವರಾಚೆ ರೋಮ್‌ನ ಸಾಂತ್ ಆಂಜೆಲೊ ಕೋಟೆಯಂತೆಯೇ ಕಾಣುವ ಕಟ್ಟಡದಿಂದ ಹೊಗೆ ಏಳುತ್ತಿದೆ. ಓವಿಡ್‌ನ ಕಥೆಯಲ್ಲಿ ಮದುವೆಗೆ ಬಂದ ದೇವತೆ ಹೈಮೆನ್‌ನ ಪಂಜು ಉರಿಯದೆ ಬರೀ ಹೊಗೆಯಾಡುತ್ತದೆ, ಅದೇ ಅಪಶಕುನ. ಪುಸ್ಸಾಂ ಆ ಹೊಗೆಯನ್ನು ಪಂಜಿನಿಂದ ತೆಗೆದು ಇಡೀ ಕೋಟೆಗೆ ಹಬ್ಬಿಸಿದ್ದಾನೆ ಅಂತ ನಾನು ಓದಿಕೊಳ್ಳುತ್ತೇನೆ.

ಒಂದು ಸಾವು ಆಗುತ್ತಿರುವಾಗ ಸುತ್ತಲಿನವರು ತಮ್ಮ ಕೆಲಸದಲ್ಲಿ ಇರುತ್ತಾರೆ. ದೊಡ್ಡ ನಿಸರ್ಗ ಇಲ್ಲದೆ ಇದನ್ನು ಹೇಳಲು ಆಗುವುದಿಲ್ಲ. ಅವರಿಬ್ಬರನ್ನೇ ದೊಡ್ಡದಾಗಿ ಬರೆದಿದ್ದರೆ ದುಃಖ ಕಾಣುತ್ತಿತ್ತು, ಆದರೆ ಆ ಈಜುವವರು, ದೋಣಿಯವರು, ನೀರಿನ ಮೇಲಿನ ಆ ಸ್ತಬ್ಧ ಪ್ರತಿಬಿಂಬ ಸಿಗುತ್ತಿರಲಿಲ್ಲ.

ಫ್ರಾಂಕ್‌ಫರ್ಟ್‌ನ ಸ್ಟೇಡಲ್ ಮ್ಯೂಸಿಯಂನಲ್ಲಿರುವ 1651ರ ಪಿರಮಸ್ ಮತ್ತು ಥಿಸ್ಬಿ ಇದಕ್ಕೆ ಪೂರ್ತಿ ತದ್ವಿರುದ್ಧ. ಸುಮಾರು ಎರಡು ಮುಕ್ಕಾಲು ಮೀಟರ್ ಅಗಲದ ಚಿತ್ರ. ಸಿಂಹ ತನ್ನ ಪ್ರೇಯಸಿಯನ್ನು ಕೊಂದಿತು ಅಂತ ತಪ್ಪು ತಿಳಿದು ಪಿರಮಸ್ ಪ್ರಾಣ ಬಿಟ್ಟಿದ್ದಾನೆ, ಥಿಸ್ಬಿ ಕೈ ಚಾಚಿ ಓಡಿ ಬರುತ್ತಿದ್ದಾಳೆ. ಮೇಲೆ ಸಿಡಿಲು. ಪುಸ್ಸಾಂ ಸ್ನೇಹಿತ ಜಾಕ್ ಸ್ಟೆಲ್ಲಾಗೆ ಬರೆದ ಪತ್ರದಲ್ಲಿ ಈ ಬಿರುಗಾಳಿಯನ್ನು ವಿವರಿಸಿದ್ದಾನೆ. ಎಲ್ಲರೂ ಆ ಹವೆಗೆ ತಕ್ಕ ಹಾಗೆ ನಡೆದುಕೊಳ್ಳುತ್ತಾರೆ. ಗಾಳಿಯ ಜೊತೆ ಹೋಗುವವರನ್ನು ಗಾಳಿಯೇ ತಳ್ಳುತ್ತದೆ, ಎದುರು ಹೋಗುವವರು ಧೂಳಿಗೆ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಇಷ್ಟೆಲ್ಲ ಗಾಳಿಯ ನಡುವೆ ಮಧ್ಯದ ಕೆರೆ ಮಾತ್ರ ಕನ್ನಡಿಯಂತೆ ಅಲುಗಾಡದೆ ಇದೆ. ಆ ಕೆರೆಯ ಬಗ್ಗೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ನಾನು ಅದನ್ನು ನೋಡಿದಾಗಲೆಲ್ಲ ಅದರ ಪಕ್ಕದ ಗದ್ದಲ ಇನ್ನಷ್ಟು ಜೋರಾಗಿ ಕೇಳಿಸುತ್ತದೆ.

ಒಂದೇ ಒಂದು ಚಿತ್ರ ನೋಡಬೇಕು ಅಂದರೆ?

ಪುಸ್ಸಾಂನ ಕುರುಡ ಓರಿಯನ್. 1658ರದು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಓರಿಯನ್ ದೈತ್ಯ ಬೇಟೆಗಾರ. ಮಾಡಿದ ತಪ್ಪಿಗೆ ಕಣ್ಣು ಕಳಕೊಂಡಿದ್ದಾನೆ. ಸೂರ್ಯ ಹುಟ್ಟುವ ಜಾಗಕ್ಕೆ ಹೋದರೆ ದೃಷ್ಟಿ ಬರುತ್ತದೆ ಅಂತ ಹೊರಟಿದ್ದಾನೆ. ಹೆಗಲ ಮೇಲೆ ದಾರಿ ಹೇಳುವುದಕ್ಕೆ ಕೆಡಾಲಿಯನ್ ಎಂಬ ಚಿಕ್ಕವನು. ಕಾಲ ಬಳಿ ನಿಂತವನು ಬೆರಳು ಮಾಡಿ ದಿಕ್ಕು ತೋರಿಸುತ್ತಾನೆ. ಮೇಲೆ ಮೋಡದ ಮೇಲೆ ಒರಗಿ ಡಯಾನಾ ನೋಡುತ್ತಿದ್ದಾಳೆ. ದೈತ್ಯನ ಹೆಜ್ಜೆ ತಡವರಿಸುತ್ತಿದೆ, ಕೈ ಮುಂದಕ್ಕೆ ಚಾಚಿದೆ. ಮರಗಳು ಅವನ ಸೊಂಟಕ್ಕೆ ಬರುತ್ತವೆ.

ಕಲಾ ಇತಿಹಾಸಕಾರ ಗಾಂಬ್ರಿಕ್ 1944ರಲ್ಲಿ ಇದರ ಬೀಗ ತೆಗೆದರು. 16ನೇ ಶತಮಾನದ ನಟಾಲೆ ಕಾಂಟಿಯ ಪುರಾಣಕೋಶದಲ್ಲಿ ಓರಿಯನ್ ಅಂದರೆ ಮಳೆಮೋಡ. ಅವನಿಗೆ ಮೂರು ತಂದೆಯರು, ನೆಪ್ಚೂನ್, ಜುಪಿಟರ್, ಅಪೊಲೊ. ಅಂದರೆ ನೀರು, ಗಾಳಿ, ಬಿಸಿಲು. ಮೂರೂ ಸೇರಿದರೆ ಆವಿ ಎದ್ದು ಮೋಡವಾಗುತ್ತದೆ. ಡಯಾನಾ ಚಂದ್ರ. ಆವಿಯನ್ನು ಮೇಲಕ್ಕೆಳೆದು ಮಳೆ ಮಾಡುವ ಶಕ್ತಿ ಅವಳದು ಅನ್ನುವ ನಂಬಿಕೆ ಇತ್ತು. ಈಗ ಮತ್ತೆ ಚಿತ್ರ ನೋಡಿ. ದೈತ್ಯನ ಮುಖದ ಸುತ್ತಲೇ ಆ ಕಪ್ಪು ಮೋಡ ಸುತ್ತಿಕೊಂಡಿದೆ. ಇದು ಮನುಷ್ಯನ ಕಥೆಯೂ ಹೌದು, ಮೋಡ ನಡೆದುಹೋಗುವ ರೀತಿಯೂ ಹೌದು. ಪುರಾಣ ಮತ್ತು ಹವಾಮಾನ ಒಂದೇ ಆಕೃತಿಯಲ್ಲಿ ನಡೆಯುವುದನ್ನು ನಾನು ಇನ್ನೆಲ್ಲೂ ಇಷ್ಟು ಪೂರ್ತಿಯಾಗಿ ನೋಡಿಲ್ಲ.

ಇದನ್ನು ಇಷ್ಟಪಟ್ಟರೆ ರಷ್ಯಾದ ಮ್ಯೂಸಿಯಂ ಹರ್ಮಿಟಾಜ್‌ನಲ್ಲಿರುವ 1649ರ ಪಾಲಿಫೀಮಸ್‌ನನ್ನೂ ನೋಡಿ. ಬೆಟ್ಟದ ತುದಿಯಲ್ಲಿ ನಮಗೆ ಬೆನ್ನು ಮಾಡಿ ಕೊಳಲು ಊದುತ್ತಾ ಕೂತಿದ್ದಾನೆ. ಬೆಟ್ಟ ಎಲ್ಲಿ ಮುಗಿಯಿತು, ದೈತ್ಯ ಎಲ್ಲಿ ಶುರುವಾದ ಅಂತ ಹೇಳುವುದು ಕಷ್ಟ. ಕೆಳಗೆ ರೈತರು ಉಳುತ್ತಿದ್ದಾರೆ.

ಈ ಜಾಗಗಳು ನಿಜವಾಗಿಯೂ ಇವೆಯಾ?

ತುಂಡು ತುಂಡಾಗಿ ಇವೆ. ರೋಮ್ ಸುತ್ತಲಿನ ಕಂಪಾನ್ಯಾ ಬಯಲು, ತಿವೊಲಿಯ ಜಲಪಾತ ಮತ್ತು ಅದರ ಮೇಲಿನ ದುಂಡು ಗುಡಿ, ಟೈಬರ್ ಹೊಳೆಯ ಸೇತುವೆಗಳು. ಕ್ಲೋದ್ ಬೆಳಗಿನ ಜಾವ ಹೊರಟು ಬಯಲಿನಲ್ಲಿ ಮಲಗಿ ಬೆಳಕು ಬದಲಾಗುವುದನ್ನು ನೋಡುತ್ತಿದ್ದ ಅಂತ ಸಾಂಡ್ರಾರ್ಟ್ ಬರೆದಿದ್ದಾನೆ. ಹೊರಗೆ ಕೂತು ರೇಖಾಚಿತ್ರ ಮಾಡಿಕೊಂಡು ಬಂದು ಒಳಗೆ ದೊಡ್ಡ ಚಿತ್ರವನ್ನು ಜೋಡಿಸುವುದು ಪದ್ಧತಿ. ಹಾಗಾಗಿ ಇಂಥ ಬೆಟ್ಟ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ರೂಬೆನ್ಸ್, ಸಾಲ್ವಟೋರ್ ರೋಸಾ ಇವರೆಲ್ಲ?

ರೂಬೆನ್ಸ್‌ನ ಒಂದು ಚಿತ್ರ ತಪ್ಪಿಸಬೇಡಿ, ವಿಯೆನ್ನಾದಲ್ಲಿರುವ ಫಿಲೆಮನ್ ಮತ್ತು ಬಾಸಿಸ್. ಮಾರುವೇಷದಲ್ಲಿ ಬಂದ ಜುಪಿಟರ್, ಮರ್ಕ್ಯುರಿಗೆ ಊರಿನಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ, ಈ ಬಡ ಮುದುಕ ಮುದುಕಿ ಮಾತ್ರ ಉಣಬಡಿಸಿದರು. ದೇವರು ಆ ಸೀಮೆಯನ್ನೇ ಪ್ರವಾಹದಲ್ಲಿ ಮುಳುಗಿಸುತ್ತಾನೆ. ರೂಬೆನ್ಸ್ ಆ ಪ್ರವಾಹವನ್ನು ಬರೆದಿದ್ದಾನೆ. ಕಿತ್ತ ಮರಗಳು, ಕೊಚ್ಚಿಹೋಗುವ ದನ, ನೀರಿನ ಹಳದಿ ಕೆಂಪು. ಅದರ ನಡುವೆ ಒಂದು ಕಾಮನಬಿಲ್ಲು.

ರೋಸಾ ನೇಪಲ್ಸ್‌ನವನು, ಬಂಡೆ, ಮುರಿದ ಮರ, ಕಪ್ಪು ಗುಹೆ ಅವನ ಲೋಕ. ಲಂಡನ್ನಿನ ವಾಲೇಸ್ ಕಲೆಕ್ಷನ್‌ನಲ್ಲಿ ಅವನ ಅಪೊಲೊ ಮತ್ತು ಕ್ಯೂಮೆಯ ಸಿಬಿಲ್ (ಭವಿಷ್ಯ ಹೇಳುವವಳು) ಇದೆ. ಹಿಡಿ ಮರಳಿನಲ್ಲಿ ಎಷ್ಟು ಕಣ ಇದೆಯೋ ಅಷ್ಟು ವರ್ಷ ಬದುಕಬೇಕು ಅಂತ ಕೇಳಿ, ಯೌವನ ಕೇಳಲು ಮರೆತವಳು ಆಕೆ. ಪುಸ್ಸಾಂನ ಹೆಂಡತಿಯ ತಮ್ಮ ಗಾಸ್ಪಾರ್ ಡ್ಯುಗೆ ಕೂಡ ಒಳ್ಳೆಯ ಚಿತ್ರಕಾರ, ಗಾಳಿ ಮಳೆ ಬರೆಯುವುದರಲ್ಲಿ ಪಳಗಿದವನು.

ಅಪಹರಣದ ಕಥೆಗಳನ್ನು ಇಷ್ಟು ಚೆಂದವಾಗಿ ಬರೆದಿದ್ದು ಸರಿನಾ?

ಈ ಪ್ರಶ್ನೆ ಬರಲೇಬೇಕು, ಬರುವುದು ಒಳ್ಳೆಯದು ಕೂಡ. ಜುಪಿಟರ್ ಗೂಳಿಯ ರೂಪದಲ್ಲಿ ಬಂದು ಯುರೋಪಾಳನ್ನು ಹೊತ್ತುಕೊಂಡು ಹೋಗುವ ಕಥೆಯನ್ನು ಕ್ಲೋದ್ ಮತ್ತೆ ಮತ್ತೆ ಬರೆದ. 1655ರದು ಮಾಸ್ಕೋದಲ್ಲಿದೆ, 1667ರದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ತಿಳಿಯಾದ ಕಡಲು, ಹೂವಿನ ಹಾರ, ಗೆಳತಿಯರು. ನಡೆಯಲಿರುವುದು ಒಬ್ಬ ಹುಡುಗಿಯನ್ನು ಮೋಸದಿಂದ ಎತ್ತಿಕೊಂಡು ಹೋಗುವುದು. ಇಲ್ಲಿ ಕ್ಲೋದ್ ಸೋತ ಅಂತಲೇ ನನ್ನ ಅಭಿಪ್ರಾಯ. ಅಕಿಸ್ ಚಿತ್ರದಲ್ಲಿ ಇದ್ದ ಆ ಬೆಟ್ಟದ ಮೇಲಿನ ಚುಕ್ಕೆ ಇಲ್ಲಿ ಇಲ್ಲ, ಅಪಾಯ ಎಲ್ಲೂ ಕಾಣಿಸುವುದಿಲ್ಲ.

ಪುಸ್ಸಾಂನ ಕೊನೆಯ ಚಿತ್ರ ಅಪೊಲೊ ಮತ್ತು ಡಾಫ್ನಿ ಇದಕ್ಕಿಂತ ಪ್ರಾಮಾಣಿಕ. ಅಪೊಲೊ ಒಂದು ಕಡೆ, ಡಾಫ್ನಿ ಇನ್ನೊಂದು ಕಡೆ ತಂದೆಯನ್ನು ತಬ್ಬಿಕೊಂಡು, ನಡುವೆ ದಾಟಲಾಗದ ಅಷ್ಟು ಜಾಗ. ಕೈ ನಡುಗುತ್ತಿದ್ದ ಕಾರಣ ಅವನಿಗೆ ಅದನ್ನು ಮುಗಿಸಲು ಆಗಲಿಲ್ಲ. 1664ರಲ್ಲಿ ಹಾಗೆಯೇ ಮುಂದೆ ಕಾರ್ಡಿನಲ್ ಆದ ಮಾಸ್ಸಿಮಿಗೆ ಕೊಟ್ಟುಬಿಟ್ಟ. ಈಗ ಲೂವ್ರ್‌ನಲ್ಲಿದೆ.

ಇದನ್ನೆಲ್ಲ ಯಾರು ಕೊಳ್ಳುತ್ತಿದ್ದರು?

ಪೋಪ್‌ಗಳು, ಕಾರ್ಡಿನಲ್‌ಗಳು, ರೋಮ್‌ನ ಹಳೇ ಮನೆತನಗಳು, ಪ್ಯಾರಿಸ್‌ನ ವ್ಯಾಪಾರಿಗಳು. ಸ್ಪೇನ್‌ನ ದೊರೆ ನಾಲ್ಕನೇ ಫಿಲಿಪ್ 1630ರ ದಶಕದಲ್ಲಿ ಮ್ಯಾಡ್ರಿಡ್‌ನ ಬುಯೆನ್ ರೆತಿರೊ ಅರಮನೆಗೆ ರೋಮ್‌ನಿಂದ ಒಂದು ದೊಡ್ಡ ಸಾಲು ನಿಸರ್ಗ ಚಿತ್ರಗಳನ್ನೇ ತರಿಸಿದ. ಅವುಗಳಲ್ಲಿ ಹಲವು ಈಗ ಅಲ್ಲಿನ ಪ್ರಾಡೊ ಮ್ಯೂಸಿಯಂನಲ್ಲಿವೆ.

ಕೆಲವು ಚಿತ್ರ ಯಾಕೆ ಅಷ್ಟು ಕಂದು, ಕತ್ತಲು?

ಎರಡು ಕಾರಣ. ಹಳೇ ವಾರ್ನಿಶ್ ಹಳದಿಯಾಗುತ್ತದೆ, ಅದನ್ನು ತೆಗೆದು ಶುಚಿ ಮಾಡಬಹುದು. ಇನ್ನೊಂದಕ್ಕೆ ಮದ್ದಿಲ್ಲ. ಕ್ಯಾನ್ವಾಸಿಗೆ ಮೊದಲು ಬಳಿಯುವ ತಳದ ಬಣ್ಣ ಕೆಂಪು ಕಂದು ಆಗಿದ್ದರೆ, ಮೇಲಿನ ಎಣ್ಣೆ ಬಣ್ಣ ವರ್ಷ ಕಳೆದಂತೆ ತೆಳುವಾಗಿ ಪಾರದರ್ಶಕವಾಗಿ, ತಳ ಮೇಲೆ ಕಾಣತೊಡಗುತ್ತದೆ. ಪುಸ್ಸಾಂನ ಹಲವು ಚಿತ್ರಗಳಿಗೆ ಹೀಗಾಗಿದೆ.

ಮುಂದೆ ಇದರಿಂದ ಏನಾಯಿತು? ಭಾರತಕ್ಕೇನಾದರೂ ನಂಟು ಇದೆಯಾ?

18ನೇ ಶತಮಾನದ ಇಂಗ್ಲಿಷರು ಕ್ಲೋದನನ್ನು ಹುಚ್ಚಿಗೆ ಬಿದ್ದು ಕೊಂಡರು. ಚಿತ್ರ ಸಾಲದು ಅಂತ ತೋಟವನ್ನೇ ಹಾಗೆ ಕಟ್ಟಿದರು. ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್‌ನಲ್ಲಿ ಹೆನ್ರಿ ಹೋರ್ 1740ರ ದಶಕದಿಂದ ಕೆರೆ, ಸೇತುವೆ, ಗುಮ್ಮಟದ ಗುಡಿ ಮಾಡಿಸಿದ. ಅಲ್ಲಿನ ಒಂದು ಗುಡಿಯ ಬಾಗಿಲ ಮೇಲೆ ಈನಿಯಡ್‌ನ ಸಾಲೇ ಇದೆ. ಪ್ರವಾಸಿಗರು ಮಸಿ ಬಣ್ಣದ ಉಬ್ಬು ಕನ್ನಡಿ ಹಿಡಿದು, ದೃಶ್ಯಕ್ಕೆ ಬೆನ್ನು ಮಾಡಿ, ಕನ್ನಡಿಯಲ್ಲಿ ಅದು ಕ್ಲೋದನ ಚಿತ್ರದ ಹಾಗೆ ಕಾಣುವುದನ್ನು ನೋಡುತ್ತಿದ್ದರು. ಇಂಗ್ಲಿಷ್ ಚಿತ್ರಕಾರ ಟರ್ನರ್ ತನ್ನ ಉಯಿಲಿನಲ್ಲಿ ತಾನು ಬರೆದ ಡೈಡೊ ಕಾರ್ಥೇಜ್ ಕಟ್ಟುವ ಚಿತ್ರ ಮತ್ತು ಇನ್ನೊಂದನ್ನು ಕ್ಲೋದನ ಎರಡು ಚಿತ್ರಗಳ ಪಕ್ಕದಲ್ಲೇ ತೂಗುಹಾಕಬೇಕು ಅಂತ ಬರೆದಿಟ್ಟ.

ಭಾರತದ ನಂಟು ಈ ದಾರಿಯಲ್ಲೇ ಬಂತು. ಚಿತ್ರಕಾರ ರಿಚರ್ಡ್ ವಿಲ್ಸನ್ ಇಟಲಿಯಲ್ಲಿ ಕ್ಲೋದನ ಚಿತ್ರಗಳನ್ನು ನೋಡಿ ಕಲಿತ. ಅವನ ಶಿಷ್ಯ ವಿಲಿಯಂ ಹಾಜಸ್ 1780ರಲ್ಲಿ ಭಾರತಕ್ಕೆ ಬಂದು ಉತ್ತರದ ಕೋಟೆ, ಘಾಟುಗಳನ್ನು ಬರೆದ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕ ತಂದ. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲ ಅದರಲ್ಲಿವೆ. ಆ ಕಾಲದ ಇಂಗ್ಲಿಷ್ ಕಣ್ಣು ಪಳಗಿದ್ದು ರೋಮ್‌ನ ಬಯಲನ್ನು ನೋಡಿ ಅನ್ನುವುದು ನೆನಪಿದ್ದರೆ ಆ ಚಿತ್ರಗಳನ್ನು ಓದುವುದು ಸುಲಭವಾಗುತ್ತದೆ.

ಎಲ್ಲಿ ನೋಡಬಹುದು? ಹೇಗೆ ನೋಡಬೇಕು?

ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಟಿಕೆಟ್ ಇಲ್ಲ, ಕ್ಲೋದ್ ಅಲ್ಲಿ ಧಾರಾಳವಾಗಿದ್ದಾನೆ. ಪುಸ್ಸಾಂಗೆ ಲೂವ್ರ್. ರೋಮ್‌ಗೆ ಹೋದವರು ಡೊರಿಯಾ ಪಾಂಫಿಲಿ ಗ್ಯಾಲರಿ ಬಿಡಬೇಡಿ. ಹೋಗಲಾಗದವರು ಈ ಮ್ಯೂಸಿಯಂಗಳ ವೆಬ್‌ಸೈಟಿನಲ್ಲೇ ದೊಡ್ಡದು ಮಾಡಿ ನೋಡಬಹುದು, ಆದರೆ ಫೋನ್ ಬೇಡ, ದೊಡ್ಡ ಪರದೆ ಇರಲಿ. ಫೋನ್‌ನಲ್ಲಿ ಮೊದಲು ಕಾಣೆಯಾಗುವುದು ಆ ಚಿಕ್ಕ ಜನರೇ. ಮೊದಲು ಹೆಸರು ಓದಬೇಡಿ. ಗಾಳಿ ಎತ್ತ ಬೀಸುತ್ತಿದೆ, ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ಆಮೇಲೆ ಜನರನ್ನು ಹುಡುಕಿ, ಕಥೆ ಓದಿ, ಮತ್ತೆ ಆಕಾಶಕ್ಕೆ ಬನ್ನಿ.

ಶುರು ಮಾಡುವುದಕ್ಕೆ ಕ್ಲೋದನ ಕೊನೆಯ ಚಿತ್ರ ಒಳ್ಳೆಯದು. 1682ರದು, ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ, ಕೊಲೊನ್ನಾ ಮನೆತನದ ಲೊರೆಂಜೊ ಒನೊಫ್ರಿಯೊಗಾಗಿ ಬರೆದದ್ದು. ಕೊಲೊನ್ನಾ ಅಂದರೆ ಕಂಬ, ಎಡಗಡೆ ಹಾಳುಬಿದ್ದ ಗುಡಿಯ ಎತ್ತರದ ಕಂಬಗಳಿವೆ. ಅವುಗಳ ಕೆಳಗೆ ಈನಿಯಸ್‌ನ ಮಗ ಅಸ್ಕೇನಿಯಸ್ ಬಿಲ್ಲು ಎಳೆದು ನಿಂತಿದ್ದಾನೆ. ಕಣಿವೆಯ ಆಚೆ ಬಲಗಡೆ ಒಂದು ಜಿಂಕೆ. ಸಿಲ್ವಿಯಾ ಎಂಬ ಹುಡುಗಿ ಕೈಯಾರೆ ಸಾಕಿದ ಜಿಂಕೆ ಅದು ಅಂತ ಅವನಿಗೆ ಗೊತ್ತಿಲ್ಲ. ಈ ಬಾಣದಿಂದ ಟ್ರಾಯ್‌ನವರಿಗೂ ಲ್ಯಾಟಿಯಂನವರಿಗೂ ಯುದ್ಧ ಹೊತ್ತಿಕೊಳ್ಳುತ್ತದೆ. ಜಿಂಕೆ ತಲೆಯೆತ್ತಿ ಅವನ ಕಡೆಗೇ ನೋಡುತ್ತಿದೆ. ಮರಗಳು ಗಾಳಿಗೆ ಒಂದೇ ಕಡೆ ಬಾಗಿವೆ. ಬಾಣ ಇನ್ನೂ ಬಿಲ್ಲಿನಲ್ಲೇ ಇದೆ.